ಕುತ್ತಿಗೆಯ ಮೇಲಿನ ಗೆರೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಅಪರೂಪಕ್ಕೆ ಮಾಸ್ಕ್ ತೆಗೆದು ಕೂತಿರುವ ನನ್ನ ಸಹೋದ್ಯೋಗಿಗಳೇ, ಸಭಿಕರೇ,

ಇಂದು ನಮ್ಮ ಚಿಕ್ಕ ಸಿಸ್ಟರಿಗೆ ಸನ್ಮಾನ. ಹೆಡ್ ಸಿಸ್ಟರ್ ಆಗಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಈ ವಾರ್ಡಿನಲ್ಲಿ ನನಗೆ ಇಪ್ಪತ್ತಾರು ವರ್ಷ, ಆಕೆಗೆ ಮೂರು. ಸನ್ಮಾನ ಆಕೆಗೆ, ಮೈಕು ನನಗೆ. ಇರಲಿ, ಮೈಕಾದರೂ ಸಿಕ್ಕಿತು.

ನಮ್ಮ ಕೆಲಸ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಕ್ತದ ಕ್ಯಾನ್ಸರಿನಂಥ ಕಾಯಿಲೆಯವರಿಗೆ ಅಣ್ಣನದೋ ತಂಗಿಯದೋ ಆಕರಕೋಶಗಳನ್ನು, ಅಂದರೆ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು, ಕೊಡುತ್ತೇವೆ. ಹೀಗೆ ಬಂದ ಕೋಶಗಳು ಕೆಲವೊಮ್ಮೆ ಜಾಗ ಕೊಟ್ಟ ಮೈಯ ಮೇಲೆಯೇ ತಿರುಗಿಬೀಳುತ್ತವೆ. ಮೊದಲು ಅಂಗೈ, ಕುತ್ತಿಗೆ ಕೆಂಪಾಗುತ್ತದೆ. ಆಗಲೇ ಹಿಡಿದರೆ ಔಷಧಿಗೆ ಬಗ್ಗುತ್ತದೆ, ತಡವಾದರೆ ಕರುಳಿಗಿಳಿಯುತ್ತದೆ.

ಚಿಕ್ಕವಳು ಮಾಡಿದ್ದೇನು? ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದಳು. ಕೆಂಪು ಆ ಗೆರೆಯನ್ನು ದಾಟಿದರೆ ತಕ್ಷಣ ಡಾಕ್ಟರಿಗೆ ಫೋನು. ಹೋದ ವರ್ಷ ಒಂಬತ್ತು ಜನರಿಗೆ ಕರುಳಿಗಿಳಿದದ್ದು ಈ ವರ್ಷ ಇಬ್ಬರಿಗೆ. ಇದೇನು ದೊಡ್ಡ ವಿದ್ಯೆ? ಪೆನ್ನು ನನ್ನ ಜೇಬಿನಲ್ಲಿರಲಿಲ್ಲವೇ? ಇಪ್ಪತ್ತಾರು ವರ್ಷವೂ ಇತ್ತು.

ರೌಂಡ್ಸಿಗೆ ಬಂದೊಡನೆ ಹೆಡ್ ಸಿಸ್ಟರ್ ಎಲ್ಲಿ ಎನ್ನುತ್ತಿದ್ದ ದೊಡ್ಡ ಡಾಕ್ಟರು, ಚಿಕ್ಕವಳು ಗೆರೆ ಎಳೆದಿದ್ದಾಳಾ ಎಂದು ಕೇಳತೊಡಗಿದರು. ನನಗೆ ಹೊಟ್ಟೆ ಉರಿಯಿತು. ತಂಗಿ ಹುಟ್ಟಿದ ಮೇಲೆ ಅಪ್ಪನ ಸೈಕಲ್ಲಿನ ಮುಂದಿನ ಜಾಗ ಅವಳದಾಯಿತು, ನಾನು ಹಿಂದೆ ಹೋದೆ. ಆ ವಿಷಯ ಇಲ್ಲಿ ಯಾಕೆ ಬಂತೋ ಗೊತ್ತಿಲ್ಲ. ಬಂತು.

ಅಗೋ, ಮೂರನೇ ಸಾಲಿನಲ್ಲಿ ನಮ್ಮ ಟೈಲರಣ್ಣ ಕೂತಿದ್ದಾರೆ. ತಮ್ಮನ ಕೋಶ ಪಡೆದವರು. ಕೋಶ ಕೊಟ್ಟ ಹದಿನೆಂಟನೇ ದಿನ ಅವರ ಕುತ್ತಿಗೆಯ ಕೆಂಪಿನ ಸುತ್ತ ಚಿಕ್ಕವಳ ಗೆರೆ ಇತ್ತು. ಬೆಳಿಗ್ಗೆ ಮೈ ಒರೆಸಲು ಹೋದವಳು ನಾನು. ಒದ್ದೆ ಹತ್ತಿಯಿಂದ ಗೆರೆಯನ್ನೂ ಒರೆಸತೊಡಗಿದೆ.

"ಇರಲಿ ಬಿಡಕ್ಕ, ಗುರುತು ಅಳಿಸಿದ್ರೆ ಅಳತೆ ಹೇಗೆ ಗೊತ್ತಾಗುತ್ತೆ?" ಅಂದರು.

"ಮೈ ಮೇಲೆ ಗೀಚೋದೆಲ್ಲ ನನ್ನ ವಾರ್ಡಲ್ಲಿ ಬೇಡ," ಅಂದೆ.

ಅದಾದ ಸ್ವಲ್ಪ ಹೊತ್ತಿಗೆ ಗೆರೆ ಎಲ್ಲಿ ಎಂದು ದೊಡ್ಡ ಡಾಕ್ಟರು ಕೇಳಿದರು. ಟ್ರೇಯಲ್ಲಿದ್ದ ಹತ್ತಿಗೆ ಅಂಟಿದ ಪೆನ್ನಿನ ನೀಲಿ ಚಿಕ್ಕವಳಿಗೆ ಕಂಡಿತ್ತು. ನನ್ನ ಮುಖ ನೋಡಿದಳು.

"ಹಾಕೋಕೆ ಮರ್ತೆ ಸರ್," ಅಂದಳು.

ನಾನು ಟ್ರೇಯ ಮೇಲೆ ಬಟ್ಟೆ ಮುಚ್ಚಿದೆ. ಒಳ್ಳೆಯತನದಲ್ಲೂ ಇವಳೇ ಮುಂದಿರಬೇಕೇ ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ಅಳತೆ ಸಿಗದೆ ನಾಳೆ ನೋಡೋಣ ಎಂದರು ಡಾಕ್ಟರು. ಮರುದಿನಕ್ಕೆ ಅದು ಕರುಳಿಗಿಳಿದಿತ್ತು. ಟೈಲರಣ್ಣ ಐವತ್ತು ದಿನ ಹೆಚ್ಚಿಗೆ ಮಲಗಿದರು. ಇನ್ನು ಉಳಿಯುವುದು ಕಷ್ಟವೆಂದು ಅವರ ಹೆಂಡತಿಗೆ ಎರಡು ಸಲ ಹೇಳಬೇಕಾಯಿತು. ಹೇಳಿದವಳೂ ನಾನೇ.

ಅಧ್ಯಕ್ಷರೇ, ನಿಮ್ಮ ಕೈಯಲ್ಲಿರುವ ಸನ್ಮಾನಪತ್ರವನ್ನು ಬರೆದುಕೊಟ್ಟವಳು ನಾನು. ಏಳನೇ ಸಾಲಿನಲ್ಲಿ 'ಒಂದೇ ಒಂದು ಮರೆವನ್ನು ಬಿಟ್ಟರೆ' ಎಂದಿದೆ. ಹೊಗಳಿಕೆಯಂತೆ ಕಾಣಲಿ ಎಂದು ಬಹಳ ಯೋಚಿಸಿ ಬರೆದದ್ದು. ಅವಳು ಮರೆತಿರಲಿಲ್ಲ. ಓದುವ ಮೊದಲು ಆ ಸಾಲನ್ನು ಹೊಡೆದುಹಾಕಿ. ಟೈಲರಣ್ಣ, ನೀವೂ ಇದನ್ನು ಯಾರಿಗೂ ಹೇಳಲಿಲ್ಲ. ನನ್ನಿಂದ ತಪ್ಪಾಯಿತು.

ಹೊಟ್ಟೆಕಿಚ್ಚು ಹೋಯಿತೇ? ಇಲ್ಲ. ಮೇಜಿನ ಮೇಲಿನ ಆ ಫಲಕ ನೋಡಿದರೆ ಈಗಲೂ ಉರಿಯುತ್ತದೆ. ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ವಂದನೆಗಳು. ಅಧ್ಯಕ್ಷರೇ, ಪೆನ್ನಿಗಾಗಿ ಹುಡುಕಬೇಡಿ, ನನ್ನ ಜೇಬಿನಲ್ಲಿದೆ, ತಗೊಳ್ಳಿ. ನಮಸ್ಕಾರ.