ಎಡಗಡೆ ಜೇಬು

...ಅಂದ್ರೆ ಕೇಳು, ಇಡೀ ಮೈಸೂರು ರಾಜ್ಯದಲ್ಲಿ ಗಿಟಾರನ್ನ ತೊಡೆ ಮೇಲೆ ಅಂಗಾತ ಮಲಗಿಸಿ ನುಡಿಸಿದ ಮೊಟ್ಟಮೊದಲನೇ ಮನುಷ್ಯ ಈ ನಸರುಲ್ಲಾ! ಅರಮನೆಗೆ ಕರೆಸಿ ಶಾಲು ಹೊದಿಸಿ, ಆನೆ ಮೇಲೆ ಕೂರಿಸಿ ಸ್ಟೇಷನ್ ತನಕ... ಯಾಕೆ ನಗ್ತೀಯ? ಸರಿ, ಸುಳ್ಳು. ಅರಮನೆ ಸುಳ್ಳು, ಆನೆ ಸುಳ್ಳು. ಶಾಲು ಮಾತ್ರ ನಿಜ, ಅದೂ ನನ್ನ ಹೆಂಡ್ತಿ ಖುರ್ಷಿದ್ ತವರಿಂದ ತಂದದ್ದು.

ಆದ್ರೆ ಇದೊಂದು ಸುಳ್ಳಲ್ಲ ಶಿವರಾಮ. ಶಿವಮೊಗ್ಗ, ಭದ್ರಾವತಿ ಎರಡೂ ಊರು ಜಾಲಾಡಿದ್ರೂ, ಹೊಟ್ಟೆಯೊಳಗೆ ತಗಡಿನ ಬಟ್ಟಲು ಇಟ್ಕೊಂಡಿರೋ ಗಿಟಾರು ಸಿಗೋದು ಒಂದೇ ಒಂದು. ವರ್ಷಗಟ್ಟಲೆ ಅದನ್ನ ಮುಟ್ಟಿದವನು ನಾನೊಬ್ಬನೇ. ಈಗ ನೋಡು, ನಿನ್ನ ಪಕ್ಕದಲ್ಲಿ, ಬೆಂಚಿನ ಮೇಲೆ, ಚೀಲ ಹೊದ್ದುಕೊಂಡು ಹೊಸ ಮದುವಣಗಿತ್ತಿ ಹಾಗೆ ಕೂತಿದೆ! ನಾಚಿಕೆಗೆಟ್ಟದ್ದು.

ಮೂರ್ತಪ್ಪಾ, ಎರಡು ಚಾ! ನನಗೆ ಸಕ್ಕರೆ ಜಾಸ್ತಿ. ಈ ಪೋಸ್ಟಾಫೀಸು ಸಾಹೇಬರಿಗೆ ಹೇಗಿದ್ರೂ ನಡೆಯುತ್ತೆ, ಕೊಟ್ಟದ್ದನ್ನೆಲ್ಲ ಬಾಯಿ ಮುಚ್ಕೊಂಡು ತಗೊಳ್ಳೋ ಪೈಕಿ.

ಯಜ್ಞನಾರಾಯಣ ಏನಂದ ಗೊತ್ತಾ ನನಗೆ? ಆರ್ಕೆಸ್ಟ್ರಾ ಯಜಮಾನ, ದೊಡ್ಡ ಮನುಷ್ಯ! "ನಸರು, ಸ್ವಲ್ಪ ದಿನ ರೆಸ್ಟ್ ತಗೋ" ಅಂದ. ರೆಸ್ಟಂತೆ! ಭಾನುವಾರ ನ್ಯೂ ಟೌನ್ ಕ್ಲಬ್ಬಲ್ಲಿ ಕಾರ್ಯಕ್ರಮ ಇಟ್ಕೊಂಡು, ನನ್ನ ಕುರ್ಚಿ ಮೇಲೆ ನಿನ್ನಂಥ ಸ್ಟಾಂಪು ಹಚ್ಚೋ ಗುಮಾಸ್ತನ್ನ ಕೂರಿಸಿ, ನನ್ನ ಗಿಟಾರೂ ಕೈಗೆ ಕೊಡ್ತಾನೆ! ಅದಕ್ಕೇ ಭದ್ರಾವತಿಯಿಂದ ನಿಮ್ಮ ಶಿವಮೊಗ್ಗದ ತನಕ ಮಲವಗೊಪ್ಪದ ಹೊಂಡಗಳಲ್ಲಿ ಬಸ್ಸಿನ ಜೊತೆ ಕುಣ್ಕೊಂಡು ಬಂದೆ. ಜಗಳಕ್ಕಲ್ಲ ಮಾರಾಯ... ಜಗಳಕ್ಕೇ. ಗಿಟಾರು ಕೊಡು, ಎದ್ದು ಹೋಗ್ತೀನಿ. ಕೊಡಲ್ವಾ? ಸರಿ.

ಕೈ ನೋಯುತ್ತೆ ಅಂತ ಯಜ್ಞನಾರಾಯಣನ ಹತ್ರ ಅತ್ಕೊಂಡ್ಯಂತೆ? ಇಷ್ಟಕ್ಕೇ? ಹೆಬ್ಬೆರಳಿನ ಬುಡ ತಾನೆ? ನೋಡು, ಈಗಲೂ ಉಜ್ಕೊಳ್ತಾ ಇದ್ದೀಯ. ಔಷಧಿ ನನ್ನ ಹತ್ರ ಇದೆ, ಕೇಳು. ನೆಲದ ಮೇಲೆ ಚಕ್ಕಳಮಕ್ಕಳ ಕೂತ್ಕೋ. ಬೆನ್ನು ಬಗ್ಗಿಸು, ಇನ್ನೂ ಬಗ್ಗಿಸು. ತಂತಿ ಮೇಲೆ ಜಾರಿಸೋ ಆ ಉಕ್ಕಿನ ಸರಳು ಇದೆಯಲ್ಲ, ಅದನ್ನ ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿ! ಬಿಟ್ರೆ ಕಚ್ಚುತ್ತೆ ಅನ್ನೋ ಹಾಗೆ. ಒತ್ತು. ನೋವು ಬಂತಾ? ಇನ್ನೂ ಒತ್ತು! ಸರಳು ಭಾರ ಅಂತೀಯಾ? ಭಾರ ಇರಲೇಬೇಕು. ನಾನೇ ಹೇಳಿ ಮಾಡಿಸಿದ್ದು, ಕರಿಯಣ್ಣನ ಲೇತ್ ಅಂಗಡೀಲಿ. ಇನ್ನೂ ದಪ್ಪ, ಇನ್ನೂ ದಪ್ಪ ಅಂತ ಪಕ್ಕದಲ್ಲೇ ನಿಂತು ಕಡೆಸಿದೆ. ನಮ್ಮೂರಲ್ಲಿ ಕಬ್ಬಿಣಕ್ಕೆ ತೂಕ ಇದ್ರೇನೇ ಮರ್ಯಾದೆ. ಕರಿಯಣ್ಣ ಕೈಗಿಟ್ಟು, "ಸಾಬ್ರೇ, ಇದ್ರಲ್ಲಿ ಚಟ್ನೀನೂ ಅರೀಬಹುದು" ಅಂದ. ಸೂಳೆಮಗ, ಸರಿಯಾಗೇ ಹೇಳಿದ್ದ.

ಏನು? ಯಾಕೆ ಹಾಗೆ ನೋಡ್ತೀಯ? ಜೇಬಲ್ಲಿ ಏನೂ ಇಲ್ಲ. ಚಳಿ, ಅದಕ್ಕೇ ಕೈ ಒಳಗಿದೆ. ಏಪ್ರಿಲ್ ಆದ್ರೇನು? ನನ್ನ ಎಡಗೈಗೆ ಚಳಿ ಜಾಸ್ತಿ! ಚಾ ಕುಡಿ, ಆರುತ್ತೆ.

ಬೇಡಪ್ಪ, ನಿನಗೆ ಈ ವಾದ್ಯ ಬೇಡ. ಹೆದರಿಸ್ತಾ ಇಲ್ಲ, ಕಂಡದ್ದು ಹೇಳ್ತೀನಿ. ನಮ್ಮ ಕಡೆ ಧರ್ಮಪ್ಪ ಅಂತ ಒಬ್ಬನಿದ್ದ. ಇದೇ ಥರ ನುಡಿಸೋನು. ಮೊದಲು ಹೆಬ್ಬೆರಳಿನ ಬುಡ ನೋಯ್ತು, ನಕ್ಕು ಬಿಟ್ಟ. ಆಮೇಲೆ ಮಣಿಕಟ್ಟು. ಆಮೇಲೆ ಬೆಳಿಗ್ಗೆ ಎದ್ರೆ ಬೆರಳೆಲ್ಲ ಜೋಮು, ಚೊಂಬು ಎತ್ತೋಕಾಗಲ್ಲ, ಅಂಗಿ ಗುಂಡಿ ಹಾಕೋಕಾಗಲ್ಲ. ಹೆಂಡ್ತಿ ಉಪ್ಪಿನ ಗಂಟು ಕಾಯಿಸಿ ಶಾಖ ಕೊಡ್ತಾ, "ಛೋಡ್ ದೋ ಜೀ, ಬಿಟ್ಬಿಡಿ ಆ ಬಾಜಾನ" ಅಂತ ಅಳೋಳು...

ಧರ್ಮಪ್ಪನ ಹೆಂಡ್ತಿ "ಜೀ" ಅಂತಾಳಾ ಅಂತ ನೋಡ್ತೀಯಾ? ಭದ್ರಾವತಿ ಮಾರಾಯ ಅದು! ತಮಿಳು, ತೆಲುಗು, ಉರ್ದು, ಯಾರ ಬಾಯಲ್ಲಿ ಏನು ಬೇಕಾದ್ರೂ ಬರುತ್ತೆ. ಮಧ್ಯೆ ಬಾಯಿ ಹಾಕಬೇಡ. ಹಾಕಿಲ್ಲ, ಸರಿ. ಮಧ್ಯೆ ಹಾಗೆ ನೋಡಬೇಡ.

ಕೊನೆಗೊಂದು ಮದುವೆ. ಮಂಟಪ ತುಂಬ ಜನ. ಒಳ್ಳೇ ಎಳೆದು ನುಡಿಸ್ತಾ ಇದ್ದಾನೆ, ಕೈಯಲ್ಲಿ ಸರಳು ಇದೆಯೋ ಇಲ್ಲವೋ ಅವನಿಗೇ ಗೊತ್ತಾಗ್ತಿಲ್ಲ... ಢಣ್! ತಂತಿ ಮೇಲಿಂದ ತಗಡಿಗೆ ಬಿತ್ತು. ಮದುಮಗ ಬೆಚ್ಚಿಬಿದ್ದು ಎದ್ದೇ ನಿಂತ! ಎಲ್ರೂ ನಕ್ರು. ಧರ್ಮಪ್ಪನೂ ನಕ್ಕ. ತಮಾಷೆಗೆ ಬೀಳಿಸಿದೆ ಅಂದ. ಊರಿಗೆಲ್ಲ ತಮಾಷೆ ಮಾಡ್ಕೊಂಡಿದ್ದ ಆಸಾಮಿ ಅಲ್ವಾ, ನಂಬಿದ್ರು. ಯಜ್ಞನಾರಾಯಣ ಒಬ್ಬ ನಗಲಿಲ್ಲ.

ಏ, ಏನ್ ಮಾಡ್ತಾ ಇದ್ದೀಯ? ಚೀಲ ಯಾಕೆ ಬಿಚ್ತೀಯ? ಹಾಂ, ಬುದ್ಧಿ ಬಂತು. ಕೊಡು. ತೊಡೆ ಮೇಲೆ ಇಡು, ಮೆಲ್ಲಗೆ... ಅರೆ, ನೀನಿನ್ನೂ ಇಲ್ಲೇ ಇದ್ದೀಯಾ ಚಿನ್ನಾ? ತಂತಿಗೆ ತುಕ್ಕು ಹಿಡಿಸಿದ್ದಾನೆ ನೋಡು, ಪಾಪಿ.

ಇದೇನಿದು? ಗಿಟಾರು ಕೊಡು ಅಂದೆ, ಸರಳು ಕೊಡು ಅಂದ್ನಾ? ಇಳಿಸು ಕೈ. ಇಳಿಸು ಅಂದೆ! ಮೂರ್ತಪ್ಪ ನೋಡ್ತಾ ಇದ್ದಾನೆ... ನನ್ನ ಎಡಗಡೆಗೇ ಯಾಕೆ ಚಾಚ್ತೀಯ? ಬಲಗೈಗೆ ಕೊಡು, ತಗೊಳ್ತೀನಿ. ಎಡಗೈಯಲ್ಲೇ ಹಿಡಿಯೋದು ಅಂತ ನನಗೆ ಹೇಳಿಕೊಡ್ತೀಯಾ? ನನಗೆ?

...

ಬಾಯಿ ಬಿಟ್ಟು ಕೇಳಬಾರದಾ? ಜಿಲ್ಲೆಗೆಲ್ಲ ಇರೋದು ಒಂದೇ ಗಿಟಾರಾದ್ರೆ ಧರ್ಮಪ್ಪ ನುಡಿಸಿದ್ದು ಯಾವುದನ್ನ ಸಾಬ್ರೇ ಅಂತ ಕೇಳು! ಕೇಳಲ್ಲ. ಕಲ್ಲಿನ ಹಾಗೆ ಕೂತು ಸರಳು ಚಾಚ್ತೀಯ. ಕೊಬ್ಬು.

ಹಾಗೆ ಹಿಡೀಬೇಡ ಕತ್ತೆ! ಗೆಣ್ಣು ಬೆಳ್ಳಗಾಗಿದೆ ನೋಡು. ಹಾವು ಗೀವು ಅಂದದ್ದೆಲ್ಲ ಮರೆತುಬಿಡು. ಹೆಬ್ಬೆರಳು, ನಡುಬೆರಳು ಅತ್ತಿತ್ತ ಕಾವಲಿಗಷ್ಟೇ. ತೋರುಬೆರಳು ಮೇಲೆ ಹಾಗೇ ಮಲಗಿರಲಿ, ಉಳಿದವು ಹಿಂದಿನಿಂದ ತಂತಿ ಸವರ್ಕೊಂಡು ಬರಲಿ. ಒತ್ತೋ ಕೆಲಸ ಸರಳಿನ ತೂಕದ್ದು, ನಿನ್ನದಲ್ಲ. ಮಣಿಕಟ್ಟು ಮುರೀಬೇಡ, ನೆಟ್ಟಗಿರಲಿ. ಕುರ್ಚಿ ಮೇಲೆ ಕೂತ್ಕೋ, ಪಾದ ನೆಲಕ್ಕೆ ತಾಗಬೇಕು. ಬೆರಳು ಜುಂ ಅಂದ ತಕ್ಷಣ ನಿಲ್ಲಿಸು, ಹಾಡಿನ ಮಧ್ಯೆ ಆದ್ರೂ ಸರಿ, ಮಂಟಪದಲ್ಲಿ ಆದ್ರೂ ಸರಿ, ಕೈ ಕೊಡವು. ಈ ರಾಕ್ಷಸನ್ನ ಕರಿಯಣ್ಣನ ಹತ್ರ ತಗೊಂಡು ಹೋಗಿ ಅರ್ಧಕ್ಕೆ ಇಳಿಸು. ನಾದ ಸಣ್ಣಗಾಗುತ್ತೆ. ಆಗಲಿ.

ಪಾಪ ಅನ್ನೋ ಮುಖ ಮಾಡಿದ್ಯೋ, ಈ ಚಾ ನಿನ್ನ ತಲೆ ಮೇಲೆ ಸುರೀತೀನಿ! ಇದೇನು ನಿನಗೆ ಕೊಟ್ಟೆ ಅಂತಲ್ಲ. ಭಾನುವಾರ ಮೊದಲನೇ ಸಾಲಲ್ಲೇ ಕೂತಿರ್ತೀನಿ, ಒಂದು ಸ್ವರ ಜಾರಲಿ, ಕ್ಲಬ್ಬಿಗೆಲ್ಲ ಕೇಳೋ ಹಾಗೆ ಕೂಗ್ತೀನಿ.

ತಗೋ, ಎತ್ಕೋ ಇದನ್ನ ತೊಡೆಯಿಂದ. ನೀನೇ ಎತ್ತು... ಎರಡೂ ಕೈ ಬೇಕು ಅದಕ್ಕೆ.

ಬಸ್ಸು ಬಂತು. ಚಾ ದುಡ್ಡು ನೀನೇ ಕೊಟ್ಬಿಡು ಮಾರಾಯ. ನನ್ನ ಹತ್ರ ಇಲ್ಲ ಅಂತಲ್ಲ... ಪರ್ಸು ಎಡಗಡೆ ಜೇಬಲ್ಲಿದೆ.