ಹಳ್ಳದ ಶಿಲುಬೆಯಡಿ ಸಿಕ್ಕ ತೊಡೆಮೂಳೆ

ಹೆಸರು ಎದೆಲ್ಮಿರಾ ತೇಹಾದ, ಗಂಡನ ಹೆಸರು ಅನ್ಸೆಲ್ಮೊ ಇಯಾನೆಸ್, ನನ್ನ ವಯಸ್ಸು 63 ವರ್ಷ, ಕಸುಬು ಮೇಕೆ ಸಾಕಣೆ, ವಾಸ ಲೋಸ್ ಬಾಲ್ದೆಸಿತೋಸ್, ಸಾನ್ ಹುವಾನ್ ಪ್ರಾಂತ್ಯ, ಅರ್ಜೆಂಟೀನಾ. ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

2011ರ ಜನವರಿಯಲ್ಲಿ ನನ್ನ ಗಂಡ ತಪ್ಪಿಸಿಕೊಂಡ ಹೇಸರಗತ್ತೆಯನ್ನು ಹುಡುಕಿಕೊಂಡು ಇಸ್ಚಿಗುವಾಲಾಸ್ತೊ ಕಣಿವೆಗೆ ಹೋದವನು ಹಿಂತಿರುಗಲಿಲ್ಲ. ಹೇಸರಗತ್ತೆ ಮಾತ್ರ ತಾನಾಗಿಯೇ ಮನೆಗೆ ಬಂತು. ಊರಿನವರು ಬಹಳ ಹುಡುಕಿದರು. ಠಾಣೆಗೆ ದೂರು ಕೊಡಲಿಲ್ಲ. ಪೊಲೀಸರು ಕಣಿವೆಗಿಳಿದರೆ ಆಮೇಲೆ ಅವರನ್ನೂ ನಾವೇ ಹುಡುಕಬೇಕಾಗುತ್ತದೆ ಎಂದು ನಾನೇ ಬೇಡ ಅಂದಿದ್ದೆ. ಇದನ್ನು ಹೇಳಿದಂತೆಯೇ ಬರೆದುಕೊಳ್ಳಿ.

ಮರುವರ್ಷ ಬೇಸಿಗೆಯ ಮಳೆಗೆ ಬಂದ ಪ್ರವಾಹ ಇಳಿದ ಮೇಲೆ, ಮನೆಯಿಂದ ಸುಮಾರು 9 ಕಿಲೋಮೀಟರ್ ದೂರದ ಹಳ್ಳದಲ್ಲಿ ಅವನ ಚಾಕು ಸಿಕ್ಕಿತು. ಅದರಿಂದ ಒಂದು ಮಾರು ದೂರದಲ್ಲಿ ಒಂದು ತೊಡೆಮೂಳೆ ಬಿದ್ದಿತ್ತು. ಎತ್ತಿದರೆ ಭಾರವಾಗಿತ್ತು. ಬದುಕಿದ್ದಾಗಲೂ ಅವನನ್ನು ಕೂತ ಜಾಗದಿಂದ ಎಬ್ಬಿಸುವುದು ಸುಲಭವಿರಲಿಲ್ಲ, ಹಾಗಾಗಿ ಅನುಮಾನ ಬರಲಿಲ್ಲ. ಆ ಕಣಿವೆಯ ಮಣ್ಣಿನಲ್ಲಿ ಪುರಾತನ ಪ್ರಾಣಿಗಳ ಮೂಳೆಗಳು ಸಿಗುತ್ತವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅವುಗಳ ಪಕ್ಕದಲ್ಲಿ ನನ್ನ ಗಂಡನ ಚಾಕು ಇರುವುದಿಲ್ಲವಲ್ಲ.

ದಂಡೆಯ ಮೇಲೆ ಗುಂಡಿ ತೋಡಿ, ಮೂಳೆಯನ್ನು ಮಣ್ಣು ಮಾಡಿ, ಕಲ್ಲು ಪೇರಿಸಿ, ಶಿಲುಬೆ ನೆಟ್ಟೆ. ನಮ್ಮ ಕಡೆ ಬಾಯಾರಿ ಸತ್ತವರಿಗೆ ಇಡುವಂತೆ ಬಾಟಲಿಯಲ್ಲಿ ನೀರಿಟ್ಟೆ. ಸಿಕ್ಕಿದ, ಇನ್ನು ಹುಡುಕುವುದು ಬೇಡ ಎಂದು ಊರಿನವರಿಗೆ ತಿಳಿಸಿದೆ. ಅಂದಿನಿಂದ ಪ್ರತಿ ಭಾನುವಾರ ಹೋಗಿ ನೀರು ಬದಲಿಸುತ್ತಿದ್ದೆ. ಆ ದಾರಿಯಲ್ಲಿ ಹೋಗುವವರೂ ಬಾಟಲಿ ಇಟ್ಟು ಹೋಗುತ್ತಿದ್ದರು. ನನಗೆ ನಿದ್ದೆ ಬರುತ್ತಿತ್ತು.

ಈ ತಿಂಗಳ 12ರ ಭಾನುವಾರ ಬೆಳಿಗ್ಗೆ ಸುಮಾರು 10 ಗಂಟೆಗೆ ಹೋದಾಗ ದಂಡೆ ಕುಸಿದು ಮೂಳೆಯ ತುದಿ ಹೊರಗೆ ಬಂದಿತ್ತು. ಕಣಿವೆಯ ಸರ್ಕಾರಿ ಕಾವಲುಗಾರನಾದ ನನ್ನ ನಾದಿನಿಯ ಮಗ ಫರ್ಮಿನ್ ಪಕ್ಕದಲ್ಲಿ ನಿಂತಿದ್ದ. ಪುರಾತನ ಮೂಳೆಗಳ ಬಗ್ಗೆ ಓದಿಕೊಂಡ, ವಿಶ್ವವಿದ್ಯಾಲಯದ ಡಾಕ್ಟರ್ ಲುಹಾನ್ ಎಂಬ ಹೆಂಗಸು ಮೊಣಕಾಲೂರಿ ಬ್ರಶ್‌ನಿಂದ ಮಣ್ಣು ಸರಿಸುತ್ತಿದ್ದಳು. ಫರ್ಮಿನ್ ನನ್ನನ್ನು ಕಂಡು, ‘ಅತ್ತೆ, ಕೋಪ ಮಾಡ್ಕೋಬೇಡ. ಇದು ಮಾವ ಅಲ್ಲ’ ಎಂದನು. ನಾನು, ‘ಬಾಯ್ಮುಚ್ಚೋ. ಮಾವನ ಮುಂದೆ ಟೋಪಿನೂ ತೆಗೀದೆ ನಿಂತಿದ್ದೀಯಲ್ಲೋ’ ಎಂದು ಬಾಟಲಿ ಎಸೆದದ್ದು ನಿಜ. ಬಾಟಲಿ ತುಂಬಿತ್ತು. ಅದು ಅವನ ಹೆಗಲಿಗೆ ತಗುಲಿತು. ಅವನು ಟೋಪಿ ತೆಗೆದನು.

ಅದು ಭೂಮಿಯ ಮೊದಮೊದಲ ಡೈನೋಸಾರ್‌ಗಳಲ್ಲಿ ಒಂದರ ಮೂಳೆಯೆಂದೂ, ಇಪ್ಪತ್ಮೂರು ಕೋಟಿ ವರ್ಷ ಹಳೆಯದೆಂದೂ ಡಾಕ್ಟರ್ ತಿಳಿಸಿದಳು. ನನ್ನ ಗಂಡನಿಗೆ ಅರವತ್ತೊಂದು ಎಂದೆ. ಅವಳು ನಗಲಿಲ್ಲ. ಬ್ರಶ್ ಕೆಳಗಿಟ್ಟು, ನನ್ನ ಪಕ್ಕದಲ್ಲೇ ಮರಳಿನ ಮೇಲೆ ಕುಳಿತಳು.

ಆಮೇಲೆ ಮೂಳೆಯ ಮುರಿದ ತುದಿಯನ್ನು ನಾನೇ ನೋಡಿದೆ. ಮಜ್ಜೆ ಇರಬೇಕಾದ ಜಾಗದಲ್ಲಿ ಕಲ್ಲು ತುಂಬಿತ್ತು. ಆರು ವರ್ಷದಲ್ಲಿ ಯಾರೂ ಅಷ್ಟು ಕಲ್ಲಾಗುವುದಿಲ್ಲ. ತೆಗೆದುಕೊಂಡು ಹೋಗಿ ಎಂದೆ. ಸಾಗಿಸುವಾಗ ಒಡೆಯದಂತೆ ಮೂಳೆಗೆ ಪ್ಲಾಸ್ಟರ್ ಕಲಸಿ ಸುತ್ತಲು ಅವರ ಬಳಿ ನೀರು ಸಾಲಲಿಲ್ಲ. ಶಿಲುಬೆಯ ಬುಡದ ಬಾಟಲಿಗಳನ್ನು ಮುಟ್ಟಲು ಇಬ್ಬರೂ ಹಿಂಜರಿದರು. ನಾನೇ ಒಂದೊಂದಾಗಿ ಬಿಚ್ಚಿ ಪ್ಲಾಸ್ಟರ್‌ಗೆ ಸುರಿದೆ. ಸುರಿಯುವಾಗ ಅಳು ಬಂತು.

ಫರ್ಮಿನ್ ನನ್ನ ಮೇಲೆ ದೂರು ಕೊಟ್ಟಿಲ್ಲ. ಊದಿದ ಹೆಗಲಿನಲ್ಲೇ ಜೀಪು ಓಡಿಸಿ ಇಲ್ಲಿಗೆ ಕರೆತಂದಿದ್ದಾನೆ. ಸರ್ಕಾರದ ಮೂಳೆಯನ್ನು ಹೂತಿಟ್ಟಿದ್ದಕ್ಕೆ ದಂಡ ಹಾಕುವುದಾದರೆ ಹಾಕಿ. ನಾನು ಬಂದಿರುವುದು ಅದಕ್ಕಲ್ಲ. ನನ್ನ ಗಂಡ ಕಾಣೆಯಾಗಿದ್ದಾನೆಂದು ಇಂದು ದೂರು ದಾಖಲಿಸಿಕೊಳ್ಳಬೇಕು. ಇಷ್ಟು ವರ್ಷದ ಮೇಲೆ ಏನು ಸಿಗುತ್ತದೆ ಎಂದು ಇಲ್ಲಿನ ಕಾನ್‌ಸ್ಟೇಬಲ್ ಕೇಳಿದರು. ‘ಇಪ್ಪತ್ಮೂರು ಕೋಟಿ ವರ್ಷದ್ದು ಸಿಗುತ್ತೆ, ಆರು ವರ್ಷದ್ದು ಸಿಗಲ್ವೇನಪ್ಪಾ?’ ಎಂದು ನಾನು ಉತ್ತರಿಸಿದೆನು.

ಅವನು ಬದುಕಿದ್ದಾನೆಂದು ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಅವನ ನೀರನ್ನು ಬೇರೆ ಯಾರಿಗೋ ಕೊಟ್ಟಿದ್ದೇನೆ. ಅವನು ಎಲ್ಲೋ ಇನ್ನೂ ಬಾಯಾರಿಕೊಂಡೇ ಬಿದ್ದಿದ್ದಾನೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಲೋಸ್ ಬಾಲ್ದೆಸಿತೋಸ್
ದಿನಾಂಕ: 13 ಮಾರ್ಚ್ 2017
ಸಹಿ: ಎದೆಲ್ಮಿರಾ ತೇಹಾದ