ಬೈಸಿಕೊಳ್ಳದೆ ಹೋದವನು

ಸೋಮವಾರದ ಸಂತೆಗೆ ಜನರನ್ನು ಹೊಳೆಯಾಚೆಯ ಜೆನ್ನೆ ಊರಿಗೆ ದಾಟಿಸುವ ದೋಣಿ ಇನ್ನೂ ಆಚೆ ದಡದಲ್ಲೇ ಇತ್ತು. ಒಣಮೀನಿನ ಬುಟ್ಟಿ ಇಳಿಸಿ ಸಾಲಿನಲ್ಲಿ ಕೂತಿದ್ದ ಮೀನು ಮಾರುವ ಕುಂಬಾಳ ಬೆನ್ನ ಹಿಂದೆಯೇ ಪರವೂರಿನ ಮುದುಕನೊಬ್ಬ, ಬಗಲಲ್ಲಿ ಚೀಲ ಹಿಡಿದು, ಪಕ್ಕದ ಹೆಂಗಸನ್ನು ಮಾತಿಗೆಳೆದ.

"ತಾಯಿ, ಸಂತೇಲಿ ಬಟ್ಟೆ ಮಾರೋ ಚೆಮೊಕೊ ಕೇಟಾ ಗೊತ್ತಾ? ಆ ಅಲಸಂದೆಬಾಕ ಇನ್ನೂ ಬದುಕಿದಾನಾ?"

"ನೀವು ಕುಲಿಬಾಲಿ ಕುಲದೋರಾ?"

"ಮತ್ತೆ? ಕೇಟಾ ಕುಲದೋರೂ ನಾವೂ ತಾತಂದಿರ ಕಾಲದಿಂದ ತಮಾಷೆಗೆ ಬೈದಾಡೋರು, ಅವರನ್ನ ಹೀಗೆ ಬೈಯೋ ಹಕ್ಕು ನಮಗಲ್ದೆ ಯಾರಿಗಿದೆ! ಹದಿನೈದು ವರ್ಷದಿಂದ 'ನಮ್ಮೂರ ಸಂತೆ ನೋಡು ಬಾ' ಅಂತಿದ್ದ. ಅವನಿಗೇ ಅಂತ ಅಲಸಂದೆ ತಂದಿದೀನಿ, ತಿಂದು ಸಾಯ್ಲಿ."

"ನಾನು ಅವರ ಹೆಂಡತಿ. ಮಳೆ ಶುರುವಾಗೋಕೆ ಮುಂಚೇನೇ ಹೋಗ್ಬಿಟ್ರು."

ಕುಂಬಾ ತಿರುಗಿ ನೋಡಲಿಲ್ಲ. ಮುದುಕ ಬಗಲಿನ ಚೀಲವನ್ನು ಕೆಳಗಿಳಿಸಿ ಕೇಳಿದ.

"ಮಣ್ಣಿಗೆ ಯಾವ ಕುಲಿಬಾಲಿ ಬಂದಿದ್ದ?"

"ಯಾರೂ ಇಲ್ಲ. ಗಲಭೆಯಿಂದ ದಾರಿ ಬಂದ್ ಆಗಿತ್ತಲ್ಲ. ಎಲ್ಲರೂ ಅತ್ರು. ಹೆಣದ ಮುಂದೆ ನಿಂತು 'ಏಳೋ ಸೋಮಾರಿ' ಅಂತ ಬೈದು ನಗಿಸೋಕೆ ಒಬ್ಬರೂ ಇರ್ಲಿಲ್ಲ. ಬೈಸ್ಕೊಳ್ದೇನೇ ಹೋದ್ರು."

"ಅಯ್ಯೋ..."

"ಅಯ್ಯೋ ಅನ್ನೋಕೆ ನಾವಿದೀವಿ. ನೀವು ಬೈರಿ. ಗೋರಿ ಸಂತೆ ದಾರೀಲೇ ಇದೆ."

"ಅಲ್ಲಿ ಬಾಯೇ ಬರದಿದ್ರೆ?"

"ಇಲ್ಲೇ ಒಂದ್ಸಲ ಅಂದು ನೋಡಿ."

ದೋಣಿ ದಡಕ್ಕೆ ತಾಗಿತು. ಕುಂಬಾ ಬುಟ್ಟಿ ಸರಿಸಿ ಅವರಿಬ್ಬರನ್ನೂ ಮುಂದೆ ಬಿಟ್ಟಳು. ಮುದುಕ ಚೀಲವನ್ನು ಎದೆಗವಚಿಕೊಂಡು ಬಾಯಿ ತೆರೆದ.

"ಲೋ ಚೆಮೊಕೊ... ಅಲಸಂದೆ..." ಅಷ್ಟಕ್ಕೇ ನಿಲ್ಲಿಸಿ ಚೀಲದಲ್ಲಿ ಮುಖ ಮರೆಸಿಕೊಂಡ.

ದೋಣಿ ಹತ್ತುತ್ತಲೇ ಚೆಮೊಕೊನ ಹೆಂಡತಿ, ಗಂಡನ ಪರವಾಗಿ, ಹೊಳೆಗೆಲ್ಲ ಕೇಳುವಂತೆ ಉತ್ತರ ಕೊಟ್ಟಳು.

"ನೀನೇ ಕಣೋ ಅಲಸಂದೆಬಾಕ! ಇಷ್ಟು ತಡವಾಗಿ ಬರೋದಾ?"